ಶೇಖರನ ಅಂಗೈಯಲ್ಲಿ ನೀಲಿ ಮುದ್ದೆ

ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಶೇಖರನಿಗೆ ಮುಟ್ಟಿ ನೋಡದೆ ಯಾವುದರ ಮೇಲೂ ನಂಬಿಕೆಯಿಲ್ಲ. ಕಾವಲಿಗೂ ಅಷ್ಟೇ, ಒದ್ದೆ ಬೆರಳು ತಾಗಿಸಿಯೇ ಹಿಟ್ಟು ಹುಯ್ಯುವುದು. ಕುಂದಾಪುರದಿಂದ ಬಂದವನು ಆ ಬಲಗೈಯನ್ನೇ ನಂಬಿ ವಡಾಲದಲ್ಲಿ ಸಂಸಾರ ಹೂಡಿದ, ಮಗಳು ಹರಿಣಿಗೆ ಪ್ರಾಣಿಶಾಸ್ತ್ರ ಓದಿಸುತ್ತಿದ್ದಾನೆ. ಅದೇ ಕೈಯ ದೋಸೆಯನ್ನು ನಂಬಿ, ಆ ಹೋಟೆಲಿನ ಕಾಯಂ ಗಿರಾಕಿಯಾದ ನಾನು ಹೊಟ್ಟೆ ಬೆಳೆಸಿದ್ದೇನೆ.

ಮಳೆಗಾಲದ ಒಂದು ಮಧ್ಯಾಹ್ನ ಹರಿಣಿ ನಮ್ಮಿಬ್ಬರನ್ನೂ ಜುಹುವಿನ ಬಂಡೆಗಳಿಗೆ ಕರೆದೊಯ್ದಳು. ಇಳಿತದ ಹೊತ್ತು. ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ಹೊರಮೈ ನೋಡಿಯೇ ಗುರುತಿಸುವುದು ಅವಳ ಕಾಲೇಜಿನ ಕೆಲಸ. ಆ ವಾರ ದಡಕ್ಕೆ ಬ್ಲೂ ಬಾಟಲ್ ಎಂಬ ವಿಷದ ಲೋಳೆಜೀವಿಗಳು ಬಂದು ಬಿದ್ದಿದ್ದವು. ಅವುಗಳನ್ನೇ ತಿಂದು, ಆ ವಿಷವನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುವ ನೀಲಿ ಹುಳವೂ ಒಂದಿದೆ, ಏನನ್ನೂ ಮುಟ್ಟಬೇಡಿ ಎಂದು ದಾರಿಯುದ್ದಕ್ಕೂ ಹೇಳಿದ್ದಳು. ನಾನಂತೂ ಕೈಗಳನ್ನು ಜೇಬಿನಿಂದ ತೆಗೆದಿರಲಿಲ್ಲ.

ಶೇಖರ ಆಗಲೇ ಎತ್ತಿಕೊಂಡಿದ್ದ. ಅಂಗೈಯಲ್ಲಿ ನೀಲಿ ಮುದ್ದೆ.

ಹರಿಣಿಯ ಮುಖ ಬಿಳಿಚಿತು. "ಪಪ್ಪ, ಹಿಲೋ ಮತ್, ಅಲ್ಲಾಡ್ಬೇಡ. ಉರೀತದಾ?"

"ನಂಗೆಂತ ಗೊತ್ತಾಗ್ತದೆ? ಈ ಬೆರಳೆಲ್ಲ ಸತ್ತು ಎಷ್ಟೋ ಕಾಲ ಆಯ್ತು."

"ಮತ್ತೆ ಕಾವಲಿ?" ಎಂದೆ ನಾನು, ಬಂಡೆಯ ಹಿಂದಿನಿಂದ.

"ಅದು ಚುಂಯ್ ಅನ್ನೋ ಸದ್ದಲ್ಲಿ ಗೊತ್ತಾಗ್ತದೆ ಮಾರಾಯ್ರೆ."

ನೋವು ಹೇಳದ ಕೈಯನ್ನು ಕೇಳಿ ಫಲವಿಲ್ಲ, ಹುಳವನ್ನೇ ನೋಡಬೇಕು. ನೀರಿನಿಂದ ಹೊರಗೆ ಎಲ್ಲವೂ ಮುದ್ದೆಯೇ, ನೀರಲ್ಲಿ ಬಿಚ್ಚಿಕೊಂಡರಷ್ಟೇ ರೂಪ. ಅವಳು ಅಪ್ಪನ ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಬಂಡೆಗಳ ನಡುವಿನ ನೀರಿನ ಹೊಂಡದೊಳಗೆ ಇಳಿಸಿದಳು. ಅಂಚಿನಲ್ಲಿ ಎರಡೂ ಕಡೆ ಬೆರಳಿನಂಥ ಗೊಂಚಲು ಮೂಡಿದರೆ ವಿಷದ್ದು, ಬೆನ್ನ ಹಿಂಬದಿಯಲ್ಲಿ ಕಿವಿರಿನ ಹೂವು ಅರಳಿದರೆ ಸಾಧು ಎಂದಳು.

ಮೊದಲು ತಲೆಯ ಮೇಲೆ ಎರಡು ಕೊಂಬು ಎದ್ದವು. ನಾನು ಸಮಾಧಾನದ ಉಸಿರು ಬಿಟ್ಟೆ. ಅವು ಎರಡೂ ಜಾತಿಗೆ ಇರುತ್ತವಂತೆ. ಉಸಿರನ್ನು ವಾಪಸು ಎಳೆದುಕೊಂಡೆ. ಅಂಚು ಸುಮ್ಮನೆ ಅಲೆಯಾಡಿತು. ಶೇಖರ ರೆಪ್ಪೆ ಬಡಿಯಲಿಲ್ಲ. ಆಮೇಲೆ ಹಿಂಬದಿಯಲ್ಲಿ ಪುಟ್ಟ ಗರಿಗಳ ಗುಚ್ಛವೊಂದು ಹೊರಬಂದು ಅರಳಿತು.

ಹುಳ ತಾನಾಗಿ ಬಂಡೆಗೆ ಹತ್ತಿಕೊಂಡ ಮೇಲೂ ಹರಿಣಿ ಅಪ್ಪನ ಕೈ ಬಿಡಲಿಲ್ಲ. ನಾಳೆಯೇ ಡಾಕ್ಟರಿಗೆ ಬೆರಳು ತೋರಿಸಬೇಕು ಎಂದಳು. ಹುಳಕ್ಕೆ ಹೆದರದ ಶೇಖರ ಈಗ ಹೆದರಿದ. ಸುದ್ದಿ ಹೋಟೆಲಿನ ಮಾಲೀಕ ಸೇಟ್‌ನ ಕಿವಿಗೆ ಬಿದ್ದರೆ ಕಾವಲಿಯ ಮುಂದೆ ಬೇರೆಯವನು ನಿಲ್ಲುತ್ತಾನೆ. ತಾನು ಹೇಳಿದ್ದು ಬರೀ ತಮಾಷೆ, ಬೇಕಾದರೆ ಪರೀಕ್ಷೆ ಮಾಡು ಎಂದು ಕಡಲಿನತ್ತ ಮುಖ ತಿರುಗಿಸಿ ಕೈ ಒಡ್ಡಿದ.

ಅವಳು ತೋರುಬೆರಳ ತುದಿಯನ್ನು ಚಿವುಟಿದಳು. "ಇಲ್ಲಿ?"

"ಹ್ಞಾಂ, ಗೊತ್ತಾಗ್ತದೆ."

ನಡುಬೆರಳು. "ಇಲ್ಲಿ?"

"ಹ್ಞಾಂ."

ಅವಳು ಕೈ ಹಿಂದೆಳೆದುಕೊಂಡು, ಏನನ್ನೂ ಮುಟ್ಟದೆ ಕೇಳಿದಳು. "ಇಲ್ಲಿ?"

"ಹ್ಞಾಂ, ನೋವಾಗ್ತದೆ ಮಾರಾಯ್ತಿ, ಮೆಲ್ಲಗೆ," ಎಂದ ಶೇಖರ.