ಕ್ಯಾಂಟನ್ನಿಗೆ ಹೋಗಿಬಂದ ಹೆಬ್ಬಾತು

ಇಂಗ್ಲೆಂಡಿನಲ್ಲಿ ಮೂರನೆಯ ಜಾರ್ಜ್ ದೊರೆ ಪಟ್ಟಕ್ಕೇರಿದ ಹೊಸತರಲ್ಲಿ, ಸೆವರ್ನ್ ನದಿದಂಡೆಯ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಟ್ಯಾಬಿತಾ ಪಮ್‌ಫ್ರಿ ಚೀನಾದ ಹಕ್ಕಿಗಳನ್ನು ಬರೆಯುತ್ತಿದ್ದಳು. ಚೀನಾವನ್ನು ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಚೀನಾದ ಚಹಾ ಬಟ್ಟಲಿಗೆ ಹಿಡಿಯಿಲ್ಲವಾದ್ದರಿಂದ ಇಲ್ಲಿಯದಕ್ಕೂ ಇರಲಿಲ್ಲ. ಬೆರಳು ಸುಡುತ್ತದೆಂದು ದೂರಿದವರನ್ನು ಯಜಮಾನ ಹೋಲ್ಬೆಕ್ ಅಭಿರುಚಿಯಿಲ್ಲದವರೆಂದು ತೀರ್ಮಾನಿಸುತ್ತಿದ್ದ.

ಟ್ಯಾಬಿತಾಳನ್ನು ಕೆಡಿಸಿದ್ದು ಒಂದು ಕ್ರೌಂಚ. ನೋಡಿ ಬರೆಯಲೆಂದು ಕೊಟ್ಟ ಚೀನಾದ ಮಾದರಿ ಬಟ್ಟಲಿನಲ್ಲಿ ಅದು ಒಂಟಿಕಾಲಿನಲ್ಲಿ ನಿಂತಿತ್ತು. ನದಿಯಲ್ಲಿ ಬಕಗಳಿದ್ದವು, ನಿಜ. ಆದರೆ ಬಕವೇ ಬೇರೆ, ಕ್ರೌಂಚವೇ ಬೇರೆ. ಈ ವ್ಯತ್ಯಾಸವರಿಯದೆ ಬರೆಯುವವರು ಈಗಲೂ ಇದ್ದಾರೆಂಬುದು ನಾಚಿಕೆಗೇಡು. ಆಕೆಯ ಕುಂಚವಂತೂ ತನಗೆ ಗೊತ್ತಿದ್ದ ಹಕ್ಕಿಯತ್ತ ಜಾರಿತು: ಕತ್ತು ಗಿಡ್ಡವಾಯಿತು, ಹೊಟ್ಟೆ ದುಂಡಗಾಯಿತು, ಎತ್ತಿದ ಕಾಲು ಕುಂಟಾಯಿತು. ಸಾಕ್ಷಾತ್ ಸೋದರತ್ತೆಯ ಹಿತ್ತಲಿನ ಕುಂಟ ಹೆಬ್ಬಾತು. ಪಿಂಗಾಣಿಗೆ ಬಳಿಯುವ ನೀಲಿ ಬಣ್ಣ ಸುಡುವ ಮುನ್ನ ಬರೀ ಮಸಿಯಂತಿರುತ್ತದೆ; ಬಟ್ಟಲುಗಳು ಸುಡುವ ಗೂಡಿನಿಂದ ಹೊರಬಂದಾಗಲೇ ಗುಟ್ಟು ಬಯಲಾಯಿತು.

"ಏನಮ್ಮಾ, ಚೀನಾದಲ್ಲಿ ಇಂಥ ಹಕ್ಕಿ ಇದೆಯಾ?" ಎಂದ ಹೋಲ್ಬೆಕ್.

"ಇಲ್ಲ ಅಂತ ನೋಡ್ಕೊಂಡು ಬಂದವರು ಯಾರಿದಾರೆ, ಧಣಿ?"

ಆ ಉತ್ತರವೇ ಮುಳುವಾಯಿತು. ಬಟ್ಟಲುಗಳೇನೋ ಮಾರಾಟವಾದವು, ಟ್ಯಾಬಿತಾ ಮಾತ್ರ ಜೀವಕ್ಕಿಂತ ಹೆಚ್ಚಾಗಿದ್ದ ಹಕ್ಕಿಗಳ ಮೇಜು ಬಿಟ್ಟು, ಬಟ್ಟಲುಗಳ ಅಂಚಿಗೆ ಗೆರೆ ಎಳೆಯುತ್ತ ಕೂತಳು. "ಬಾತಿಗೆ ಕಾಳು ಹಾಕಿ ಬಂದ್ಯೇನೇ?" ಎಂದು ಪಕ್ಕದಲ್ಲಿ ಕೂತು ಕೆಲಸಮಾಡುವ ಕೆಜಿಯಾ ದಿನವೂ ಕೆಣಕುತ್ತಿದ್ದಳು.

ಆ ಹೆಬ್ಬಾತಿನ ಬಟ್ಟಲುಗಳನ್ನು ಅಂಗಡಿಯೊಂದರಲ್ಲಿ ಕೊಂಡಿದ್ದ ಸಿರಿವಂತೆಯೊಬ್ಬಳು ಕೆಲವನ್ನು ಒಡೆದುಕೊಂಡಳು. ಅವು ಚೀನಾದವೇ ಎಂದು ನಂಬಿ, ಅಂಥವೇ ಜೋಡಿ ಬಟ್ಟಲು ಮಾಡಿಸಲು ಒಂದನ್ನು ಹಡಗಿನ ಕಪ್ತಾನನ ಕೈಯಲ್ಲಿ ಚೀನಾದ ಬಂದರು ಕ್ಯಾಂಟನ್ನಿಗೆ ಕಳುಹಿಸಿದಳು. ಅಲ್ಲಿಯವರು ಕಂಡದ್ದನ್ನು ಕಂಡಂತೆ ಬರೆದುಕೊಟ್ಟರು. ಅವಕ್ಕೊಪ್ಪುವ ಚಹಾ ಪಾತ್ರೆಗಾಗಿ ಮತ್ತೊಂದು ಹಡಗು ಕಾಯುವ ತಾಳ್ಮೆಯಿಲ್ಲದೆ, ಆಕೆ ಆ ಹೊಸ ಬಟ್ಟಲನ್ನು ಮಾದರಿಯಾಗಿ ಹೋಲ್ಬೆಕ್‌ನ ಕೈಗಿತ್ತಳು.

"ನೋಡ್ರಪ್ಪಾ, ಇದು ಅಸಲಿ ಚೀನಾದ ಹಕ್ಕಿ. ಆ ಕಾಲಿನ ಗಾಂಭೀರ್ಯ ನೋಡಿ. ನಮ್ಮಲ್ಲಿ ಯಾರಿಗೆ ಬರುತ್ತೆ ಇದು?" ಎಂದು ಹೋಲ್ಬೆಕ್ ಕೆಲಸದವರಿಗೆಲ್ಲ ತೋರಿಸಿದ.

ಯಾರಿಗೂ ಬರಲಿಲ್ಲ. ಕೊನೆಗೆ ಟ್ಯಾಬಿತಾ ಕುಂಚ ಕೇಳಿ ಪಡೆದು, ಒಂದೇ ಉಸಿರಿಗೆ ಬರೆದಳು. ಹೋಲ್ಬೆಕ್ ಎರಡನ್ನೂ ಹೋಲಿಸಿ ನೋಡಿದ.

"ಪರವಾಗಿಲ್ಲ. ನಾಳೆಯಿಂದ ಹಕ್ಕಿ ಮೇಜಿಗೇ ಬಾ. ಆದ್ರೆ ಕಾಲು ಮಾತ್ರ ಚೀನಾದವರ ಹಾಗೆ ಬಂದಿಲ್ಲ, ತಿದ್ದು."

"ಹೇಳೇ, ಅದು ನಿಮ್ಮತ್ತೆ ಬಾತು ಅಂತ," ಎಂದು ಕೆಜಿಯಾ ಪಿಸುಗುಟ್ಟಿದಳು.

"ಸುಮ್ನಿರೇ, ತಿರುಗಿ ಅಂಚಿಗೆ ಕೂರಿಸ್ತಾರೆ."

ತಿದ್ದಲು ಅತ್ತೆಯ ಹಿತ್ತಲಿನ ಮೂಲವನ್ನೇ ನೋಡೋಣವೆಂದರೆ, ಅದು ಮನೆಮನೆಯಲ್ಲೂ ಹೆಬ್ಬಾತು ಬೇಯುವ ಹಿಂದಿನ ಮೈಕೇಲ್ ಹಬ್ಬದ ಊಟಕ್ಕೆ ಸಂದುಹೋಗಿತ್ತು. ಟ್ಯಾಬಿತಾ ಕ್ಯಾಂಟನ್ನಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, ತನ್ನತ್ತೆಯ ಹೆಬ್ಬಾತು ಹೇಗೆ ಕುಂಟುತ್ತಿತ್ತೆಂಬುದನ್ನು ಚೀನೀಯರಿಂದ ಶ್ರದ್ಧೆಯಿಂದ ಕಲಿಯತೊಡಗಿದಳು.