ತಪ್ಪು ಊಹೆ ಹೇಳಬೇಕಾದ ಹುಡುಗಿ

ನಾನು ಸಂಡೂರು ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನದ ಟೀಚರ್. ಮಕ್ಕಳು ತಾವೇ ಪ್ರಶ್ನೆ ಕೇಳಿ, ಊಹಿಸಿ, ಪರೀಕ್ಷಿಸಿ ಕಲಿಯಬೇಕು ಎಂದು ಮೇಲಿನಿಂದ ಆದೇಶ ಬಂತು. ಅದನ್ನು ನೋಡಲು ಇಲಾಖೆಯ ಸಾಹೇಬರು ಬರುವವರಿದ್ದರು. ಹಾಗಾಗಿ ಯಾರು ಯಾವ ಪ್ರಶ್ನೆ ಕೇಳಬೇಕು, ಯಾರಿಗೆ ಯಾವಾಗ ಆಶ್ಚರ್ಯವಾಗಬೇಕು ಎಂದೆಲ್ಲ ಹಂಚಿಕೊಟ್ಟು ಒಂದು ವಾರ ಬಾಯಿಪಾಠ ಮಾಡಿಸಿದೆ.

ಸಾಹೇಬರ ನಮೂನೆಯಲ್ಲಿ ಮಕ್ಕಳ ತಪ್ಪು ಊಹೆಗೂ ಒಂದು ಕಾಲಂ ಇತ್ತು. ಅದೂ ತುಂಬಬೇಕಲ್ಲ! ತಪ್ಪು ಹೇಳಲು ಯಾರೂ ತಯಾರಿಲ್ಲ. ಕೊನೆಗೆ ಐದನೆಯ ತರಗತಿಯ ಜಾಣೆಯ ತಲೆಗೇ ಕಟ್ಟಿದೆ. ಅಯಸ್ಕಾಂತಕ್ಕೆ ಮಣ್ಣು ಅಂಟುತ್ತದೆ ಎಂದು ಅವಳು ಹೇಳಬೇಕು. ಪರೀಕ್ಷೆ ಮಾಡಿದ ಮೇಲೆ ಉಳಿದವರು ಅಂಟಲಿಲ್ಲ ಎನ್ನಬೇಕು. ಅವಳು ಎರಡು ದಿನ ಅತ್ತಳು. ನಾನು ಕರಗಲಿಲ್ಲ. ನಮ್ಮದು ಕಬ್ಬಿಣದ ಅದಿರಿನ ಲಾರಿಗಳು ಹಗಲಿಡೀ ಧೂಳೆಬ್ಬಿಸುವ ರಸ್ತೆ ಎಂಬುದು ಈ ವಿಜ್ಞಾನದ ಟೀಚರಿಗೆ ಹೊಳೆಯಲೇ ಇಲ್ಲ.

ಸಾಹೇಬರ ಎದುರು ಅವಳು ಅಯಸ್ಕಾಂತವನ್ನು ಅಂಗಳದ ಮಣ್ಣಿನಲ್ಲಿ ಆಡಿಸಿ ಎತ್ತಿದಳು. ಕಪ್ಪು ಪುಡಿ ಮೀಸೆಯ ಹಾಗೆ ಜೋತುಬಿತ್ತು. ಅವಳ ಮುಖ ಅರಳಿತು. ಉಳಿದ ಮಕ್ಕಳು ನಾನು ಕಲಿಸಿದಂತೆ, ಅಂಟಲಿಲ್ಲ ಎಂದು ಒಕ್ಕೊರಲಿನಿಂದ ಕೂಗಿದರು.

ಸಾಹೇಬರು ನಮೂನೆ ನೋಡಿಕೊಂಡು, ಈ ಮಣ್ಣೇ ಸರಿಯಿಲ್ಲ, ಬೇರೆ ತನ್ನಿ ಎಂದರು. ಹೆಡ್‌ಮಾಸ್ತರು ನಲ್ಲಿಯ ಹತ್ತಿರದ ಮಣ್ಣು ತಂದರು, ಅಂಟಿತು. ಅಡುಗೆಯವ್ವ ಹೂವಿನ ಕುಂಡವನ್ನೇ ಹೊತ್ತು ತಂದಳು, ಅದರದ್ದೂ ಅಂಟಿತು. ಕೊನೆಗೆ ಎಮ್ಮಿಗನೂರಿನಿಂದ ಬೈಕಿನಲ್ಲಿ ಬರುವ ಮಾಸ್ತರರ ಮಡ್‌ಗಾರ್ಡಿನಿಂದ ಗದ್ದೆಯ ಕೆಸರು ಕೆರೆದೆವು. ಬರುವ ದಾರಿಯಲ್ಲಿ ಅದಕ್ಕೂ ನಮ್ಮೂರ ಧೂಳು ಮೆತ್ತಿತ್ತು. ಅಷ್ಟರಲ್ಲಿ ಊಟದ ಹೊತ್ತಾಯಿತು.

ಸಾಹೇಬರು ವಾಚು ನೋಡಿ ಹುಡುಗಿಯನ್ನು ಹತ್ತಿರ ಕರೆದರು. ಅಯಸ್ಕಾಂತ ಪುಡಿ ಸಮೇತ ಅವಳ ಕೈಯಲ್ಲೇ ಇತ್ತು.

"ನೀನ ಹೇಳವ್ವಾ, ಮಣ್ಣು ಅಂಟೈತೇನು?"

ಅವಳು ಅಯಸ್ಕಾಂತ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕಂಡದ್ದನ್ನು ಹೇಳು ಎಂದು ನಾನು ಒಂದೇ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಇಲ್ರಿ ಸರ್, ಅಂಟಿಲ್ಲ."

ಸಾಹೇಬರು ಅವಳ ಬೆನ್ನು ತಟ್ಟಿ ನನ್ನ ಕಡೆ ತಿರುಗಿದರು.

"ನೋಡಿ ಕಲಿಯೋದು ಅಂದ್ರ ಹಿಂಗಿರಬೇಕು ನೋಡ್ರಿ."

ನಾನು ಥ್ಯಾಂಕ್ಸ್ ಸರ್ ಎಂದೆ.