ಮೂವತ್ತೊಂದನೇ ದೀಪ

ಬೆಳಗ್ಗೆ 5 ಗಂಟೆ 20 ನಿಮಿಷ. ಜೂನ್ 11. ತೋಮಿಶಿಮಾ ದ್ವೀಪದ ವಿಮಾನ ನಿಲ್ದಾಣದ ರನ್‌ವೇ ಅಂಚಿನಲ್ಲಿ ಇಸೊಬೆ ಚಿಜುಎ ನಡೆಯುತ್ತಿದ್ದಾರೆ. ಒಂದೊಂದು ದೀಪದ ಮುಂದೆಯೂ ನಿಂತು, ಬಲಗೈ ಚಾಚಿ, ಬೆರಳು ತೋರಿಸಿ ಗಟ್ಟಿಯಾಗಿ ಹೇಳುತ್ತಾರೆ: "ಗಾಜು ಸರಿ. ಬೋಲ್ಟ್ ಸರಿ." ಕೇಳಿಸಿಕೊಳ್ಳಲು ಹತ್ತಿರದಲ್ಲಿ ಯಾರೂ ಇಲ್ಲ.

ರನ್‌ವೇ ಉದ್ದ 1,200 ಮೀಟರ್. ದೀಪಗಳು ನಲವತ್ತೆರಡು. ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು. ದಿನಕ್ಕೆ ಮೂರು ವಿಮಾನ, ಎರಡು ಅಗ್ನಿಶಾಮಕ ವಾಹನ, ನಾಲ್ಕು ಸಾಲು ಕುರ್ಚಿ, ಒಂದು ನೂಡಲ್ ಅಂಗಡಿ. ನಿಲ್ದಾಣವೆಂದರೆ ಇಷ್ಟೇ. ಚಿಜುಎ ಅವರಿಗೆ ಅರವತ್ತೊಂದು. ಇಪ್ಪತ್ತಾರು ವರ್ಷಗಳಲ್ಲಿ ಅವರು ಈ ಅಂಚಿನಲ್ಲಿ ನಡೆದ ದೂರ ಹದಿನೆಂಟು ಸಾವಿರ ಕಿಲೋಮೀಟರ್ ದಾಟುತ್ತದೆ.

ಅವರು ಸೇರುವ ಹಿಂದಿನ ವರ್ಷ, ದುರಸ್ತಿಯವರು ಮರೆತುಹೋದ ಒಂದು ನಟ್ಟು ವಿಮಾನದ ಚಕ್ರ ಸೀಳಿತ್ತು. ವಿಮಾನ ಹುಲ್ಲಿಗೆ ನುಗ್ಗಿ ಇಬ್ಬರ ಕೈ ಮುರಿದಿತ್ತು. ಅಲ್ಲಿಯವರೆಗೆ ಜೀಪಿನಲ್ಲಿ ನಡೆಯುತ್ತಿದ್ದ ತಪಾಸಣೆ ಅಂದಿನಿಂದ ಕಾಲ್ನಡಿಗೆಗೆ ಬಂತು. ಆಮೇಲೆ ಒಂದೂ ಅಪಘಾತವಿಲ್ಲ.

6 ಗಂಟೆ 2 ನಿಮಿಷ. ಮೂವತ್ತಮೂರನೇ ದೀಪದ ಬಳಿ ಚಿಜುಎ ಸುಮ್ಮನೆ ನಿಲ್ಲುತ್ತಾರೆ. ತಿರುಗುತ್ತಾರೆ. ನೂರಿಪ್ಪತ್ತು ಮೀಟರ್ ಹಿಂದಕ್ಕೆ ನಡೆದು ಮೂವತ್ತೊಂದನೇ ದೀಪದ ಮುಂದೆ ಮಂಡಿಯೂರುತ್ತಾರೆ. ಮುಚ್ಚಳಕ್ಕೆ ನಾಲ್ಕು ಬೋಲ್ಟ್ ಇರಬೇಕು. ಇರುವುದು ಮೂರು.

ರೇಡಿಯೊ ಎತ್ತಿ ನಿಲ್ದಾಣದ ಕಚೇರಿಯಲ್ಲಿರುವ ಕಿರಿಯ ಸಹೋದ್ಯೋಗಿಯನ್ನು ಕರೆಯುತ್ತಾರೆ. "ತತೆಇಶಿ, ಮೂವತ್ತೊಂದರಲ್ಲಿ ಒಂದು ಬೋಲ್ಟ್ ಇಲ್ಲ. ಸಿಗೋವರ್ಗೂ ರನ್‌ವೇ ಮುಚ್ಚು. ಇನ್ನೊಂದು ವಿಷ್ಯ ಬರ್ಕೋ. ನಾನು ಮೊದ್ಲು ಸರಿ ಅಂದುಬಿಟ್ಟಿದ್ದೆ. ನೋಡಿರ್ಲಿಲ್ಲ."

ಆ ಕಡೆಯಿಂದ ತತೆಇಶಿ ಕೇಳುತ್ತಾನೆ: "ಅದನ್ನ ಬರೀಲೇಬೇಕಾ, ಅಕ್ಕ?"

"ಮತ್ತೆ ನಾನೇನು ಹಾಡು ಹೇಳ್ತಿದೀನಾ? ಬರಿ."

ವಿಮಾನ ಬರಬೇಕಾದದ್ದು 7.50ಕ್ಕೆ. ಒಂಬತ್ತರ ಹೊತ್ತಿಗೆ ಕಡಲ ಮಂಜು ಕವಿಯುತ್ತದೆಂದು ಹವಾಮಾನದ ಸೂಚನೆ. ಕವಿದರೆ ಆ ದಿನ ಹಾರಾಟವಿಲ್ಲ. ನಿಲ್ದಾಣದ ಕುರ್ಚಿಯಲ್ಲಿ ನಾಗೊಮಿ ಎಂಬ ತುಂಬು ಗರ್ಭಿಣಿ ಕುಳಿತಿದ್ದಾಳೆ. ದ್ವೀಪದಲ್ಲಿ ಹೆರಿಗೆ ಆಸ್ಪತ್ರೆಯಿಲ್ಲ. ನಸುಕಿನಿಂದ ಅವಳಿಗೆ ಸಣ್ಣಗೆ ಹೊಟ್ಟೆನೋವು.

ಅಗ್ನಿಶಾಮಕದವರು, ಟಿಕೆಟ್ ಕೌಂಟರಿನವರು, ನೂಡಲ್ ಅಂಗಡಿಯ ಫುಸಾ, ಎಲ್ಲರೂ ಸೇರಿ ಹನ್ನೊಂದು ಜನ ಹೆಗಲಿಗೆ ಹೆಗಲು ತಾಗಿಸಿ, ಬೋಲ್ಟ್ ಹುಡುಕುತ್ತ ಮಂಡಿಯಲ್ಲಿ ತೆವಳುತ್ತಾರೆ. ಫುಸಾ ಚಿಜುಎ ಅವರ ಶಾಲೆಯ ಗೆಳತಿ. "ಇಪ್ಪತ್ತಾರು ವರ್ಷದಿಂದ ಕೂಗಿ ಕೂಗಿ ನನ್ನ ನಿದ್ದೆ ಕೆಡಿಸಿದ್ಯಲ್ಲ, ಇವತ್ತು ಕಣ್ಣು ಮುಚ್ಕೊಂಡು ಕೂಗಿದ್ಯೇನೆ?"

"ಹೌದು ಕಣೆ," ಎನ್ನುತ್ತಾರೆ ಚಿಜುಎ, ಹುಲ್ಲಿನಿಂದ ತಲೆಯೆತ್ತದೆ.

ಆಮೇಲೆ ಈ ವಿಷಯ ಕೇಳಿದಾಗ ಅವರು ಮುಚ್ಚಿಡುವುದಿಲ್ಲ. "ಬೆರಳು ಹೋದಲ್ಲಿಗೆ ಕಣ್ಣು ಹೋಗ್ಬೇಕು, ಕಣ್ಣಿನ ಹಿಂದೆ ಬಾಯಿ. ವರ್ಷ ಕಳೆದ ಹಾಗೆ ಬಾಯೇ ಮುಂದೆ ಓಡುತ್ತೆ. ಬೆರಳು ತೋರಿಸಿ ಕೆಲಸ ಮಾಡೋರಿಗೆಲ್ಲ ಬರೋ ಕಾಯಿಲೆ ಇದು. ನಂಗೂ ಬಂತು." ಹಿಂದಿರುಗಿದ್ದು ಏಕೆ? "ಮೂವತ್ತೆರಡರ ಗಾಜಿನ ಮೇಲೆ ಇಬ್ಬನಿ ಇದ್ದಿದ್ದು ನೆನಪಿತ್ತು. ಮೂವತ್ತೊಂದರದ್ದು ಏನೂ ನೆನಪಿಗೆ ಬರ್ಲಿಲ್ಲ."

ಬೋಲ್ಟ್ 8 ಗಂಟೆ 4 ನಿಮಿಷಕ್ಕೆ ಸಿಗುತ್ತದೆ: ದೀಪದಿಂದ ಹದಿನಾಲ್ಕು ಮೀಟರ್ ಒಳಗೆ, ಚಕ್ರಗಳು ಓಡುವ ಜಾಗದಲ್ಲಿ, ಡಾಂಬರಿನ ಬಿರುಕೊಂದರಲ್ಲಿ. ಉದ್ದ ಮೂರು ಸೆಂಟಿಮೀಟರ್. ಕಾದಿದ್ದ ವಿಮಾನ 8.21ಕ್ಕೆ ಇಳಿಯುತ್ತದೆ. ನಾಗೊಮಿಯನ್ನು ಕೂರಿಸಿಕೊಂಡು 8.46ಕ್ಕೆ ಏರುತ್ತದೆ. 8.58ಕ್ಕೆ ಮಂಜು ರನ್‌ವೇಯನ್ನು ಮುಚ್ಚುತ್ತದೆ.

ಮರುದಿನ ಚಿಜುಎ ತಪಾಸಣೆಯನ್ನು ನಲವತ್ತೆರಡನೇ ದೀಪದಿಂದ, ಹಿಂದುಮುಂದಾಗಿ ಆರಂಭಿಸಿದರು. ಎಂದಿಗಿಂತ ಹನ್ನೊಂದು ನಿಮಿಷ ಹೆಚ್ಚು ಹಿಡಿಯಿತು.